ಇನ್ನೂ ಒಸಿ ಐತೆ

ನಮ್ಮ ಬೀದಿಯಲ್ಲಿ ಆಕೆಗೆ ಎರಡು ಹೆಸರಿದ್ದವು. ಒಂದು ಹೆತ್ತವರು ಇಟ್ಟದ್ದು. ಅದನ್ನು ಇಲ್ಲಿ ಬರೆದರೆ ಎಲ್ಲಿದ್ದರೂ ಅಲ್ಲಿಂದಲೇ "ನನ್ನ್ಯಾಕೆ ಪೇಪರ್‌ಗೆ ಹಾಕುದ್ರಿ ಕಾನ್ವೆಂಟಮ್ಮಾ?" ಎಂದು ಗದರುತ್ತಾರೆ, ಬೇಡ. ಇನ್ನೊಂದು ಬೀದಿಯವರೇ ಇಟ್ಟದ್ದು: ಒಸಿ ಐತಕ್ಕ. ಮನೆ ಕೆಲಸ ಎಲ್ಲಿಗೆ ಬಂತು ಎಂದು ಸೊಪ್ಪಿನವಳು ಕೇಳಲಿ, ವೋಟು ಕೇಳಲು ಬಂದವರೇ ಕೇಳಲಿ, ಆಕೆಯದು ಒಂದೇ ಉತ್ತರ. "ಆಯ್ತು ಕಣ್ರೀ, ಇನ್ನೂ ಒಸಿ ಐತೆ." ಮೊದಲ ವರ್ಷ ಆ ಒಸಿಯೊಳಗೆ, ಆ 'ಸ್ವಲ್ಪ'ದೊಳಗೆ, ಗೋಡೆಯ ಗಾರೆ, ನೆಲ, ಒಳಬಾಗಿಲುಗಳು, ಕಿಟಕಿಯ ಗಾಜು, ಕಾಂಪೌಂಡು ಎಲ್ಲವೂ ಸೇರಿದ್ದವು.

ಕಳೆದ ಮಾಘದಲ್ಲಿ ಅಕ್ಕ ತೀರಿಕೊಂಡರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅವರ ಹಿತ್ತಿಲು ಕಾಣುತ್ತದೆ. ಸಾರಿಗೆ ಒಗ್ಗರಣೆ ಹಾಕುತ್ತಾ ಅತ್ತ ನೋಡಿದರೆ ಈಗಲೂ ಮೊದಲು ನಗು ಬರುತ್ತದೆ. ಉಳಿದದ್ದು ಆಮೇಲೆ.

ಚನ್ನಪಟ್ಟಣದ ಅಂಚಿನಲ್ಲಿ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ, ಹುರುಳಿ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಹಂಚಿದ ಕಾಲವದು. ಬಿಡದಿಯ ಕಡೆ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿತ್ತು. ಬೆಳಗಾದರೆ ಕಂಪನಿ ಬಸ್ಸು ನಮ್ಮ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು, ಅಕ್ಕನ ಯಜಮಾನರು ಊಟದ ಡಬ್ಬಿ ಹಿಡಿದು ಓಡುತ್ತಿದ್ದರು. ನಮ್ಮವರು ಬ್ಯಾಂಕಿನವರು. ನಮ್ಮ ಮನೆ ಒಂದೇ ಬೀಸಿನಲ್ಲಿ ಎದ್ದು ನಿಂತಿತು, ಬಾಗಿಲಿಗೆ ಹೊಂದುವ ಪರದೆ, ಪರದೆಗೆ ಹೊಂದುವ ಸೋಫಾ ಸಮೇತ. ಅಕ್ಕನ ಮನೆ ಮಾತ್ರ ಕೈಗೆ ಬಂದಷ್ಟು ಬಂದಾಗ ಅಷ್ಟಷ್ಟೇ ಬೆಳೆಯುವ ಮನೆ. ಬಾಡಿಗೆ ಮನೆಯ ಓನರು ಖಾಲಿ ಮಾಡಿ ಎಂದದ್ದಕ್ಕೆ, ಆಷಾಢಕ್ಕೆ ಮುಂಚೆ ಆಗಿಹೋಗಲಿ ಎಂದು, ಮುಂಬಾಗಿಲೊಂದನ್ನು ನಿಲ್ಲಿಸಿಕೊಂಡು ಗೃಹಪ್ರವೇಶ ಮಾಡಿಬಿಟ್ಟರು. ಒಳಗೆಲ್ಲ ಇಟ್ಟಿಗೆ ಹಲ್ಲು ಕಿರಿದುಕೊಂಡು ನಿಂತಿತ್ತು.

ಎಡವಟ್ಟಾದದ್ದು ಅಲ್ಲೇ. ಅಕ್ಕನ ತಾಯಿ, ನಮಗೆಲ್ಲ ಅಜ್ಜಿ, ಸಾತನೂರು ಕಡೆಯ ಒಕ್ಕಲು ಮನೆತನದವರು. ಹಿಪ್ಪುನೇರಳೆ ತೋಟ, ಹಸು, ಊರಿನಲ್ಲಿ ತೂಕದ ಮಾತು. ಮಗಳು ಟೌನಿನಲ್ಲಿ ಮನೆ ಕಟ್ಟಿಸಿದ್ದಾಳೆ ಎಂದು ಊರಿಗೆಲ್ಲ ಹೇಳಿ ನೆಂಟರನ್ನು ಟೆಂಪೋ ತುಂಬ ಕರೆದುಕೊಂಡು ಬಂದಿದ್ದರು. ಬಂದವರಲ್ಲಿ ಯಾರೋ ಒಬ್ಬರು ಒಳಗೆ ಇಣುಕಿ ನೋಡಿ, "ಏನವ್ವಾ, ನಮ್ಮ ಕುರಿ ದೊಡ್ಡಿಗೂ ಇದಕ್ಕಿಂತ ಬಾಗ್ಲು ಜಾಸ್ತಿ ಅವೆಯಲ್ಲ" ಎಂದುಬಿಟ್ಟರು. ಸುತ್ತ ನಗು. ಅಜ್ಜಿಯ ಮುಖ ಗಂಟಿಕ್ಕಿದ್ದನ್ನು ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ನಾನು ಕಣ್ಣಾರೆ ಕಂಡೆ.

"ಮನೆ ಪೂರ್ತಿ ಆದ ದಿನ ಹೇಳ್ಕಳ್ಸು, ಬತ್ತೀನಿ. ಅಲ್ಲೀಗಂಟ ಈ ಮನೆ ವಸ್ಲು ತುಳಿಯಾಕಿಲ್ಲ" ಎಂದು, ಹೊಸ್ತಿಲಿನ ಆಚೆಯೇ ನಿಂತು ಮಗಳಿಗೆ ಹೇಳಿ, ಒಂದು ಲೋಟ ನೀರೂ ಕುಡಿಯದೆ ಹೋಗಿ ಟೆಂಪೋದಲ್ಲಿ ಕುಳಿತರು. ಊಟ ಮುಗಿಸಿ ನೆಂಟರು ಹೊರಟು ಬರುವವರೆಗೂ ಅಲ್ಲೇ ಕುಳಿತಿದ್ದರು, ಬಿಸಿಲಿನಲ್ಲಿ, ಸೆರಗು ಹೊದ್ದುಕೊಂಡು.

ತಾಯಿ ಮಗಳು ಮಾತು ಬಿಟ್ಟರು ಅಂದುಕೊಳ್ಳಬೇಡಿ. ಹಬ್ಬಕ್ಕೆ ಅಕ್ಕ ತವರಿಗೆ ಹೋಗಿ ಬರುತ್ತಿದ್ದರು, ಬರುವಾಗ ಹೊರಲಾರದಷ್ಟು ಹೊತ್ತು ತರುತ್ತಿದ್ದರು. ತಾಯಿ ಮಾತ್ರ ಬರುತ್ತಿರಲಿಲ್ಲ. "ಹೆತ್ತವ್ವ ಬಂದು ಒಂದ್ ತುತ್ತು ಉಣ್ಣದಿದ್ರೆ ಅದ್ಯಾವ ಸೀಮೆ ಮನೆ ಹೇಳಿ" ಎಂದು ಒಮ್ಮೆ, ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಅಂದಿದ್ದರು. ಯಾವಾಗಲೂ ನಗಿಸುವ ಹೆಂಗಸು ಅವತ್ತು ನಗಿಸಲಿಲ್ಲ.

"ಹಾಗಾದರೆ ಬೇಗ ಮುಗಿಸಿಬಿಡಿ ಅಕ್ಕ. ಒಂದು ಕೋಟು ಸುಣ್ಣ ಹೊಡೆಸಿ, ಆಯಿತು ಅಂತ ಹೇಳಿ ಕಳಿಸಿ" ಎಂದೆ.

"ಅವ್ವಂಗೋಸ್ಕರ ಗಡಬಡ ಮಾಡಿ ಮುಗುಸ್ಬೋದು. ಅವ್ವ ಬಂದು ಹೊಂಟೋದ್ಮೇಲೆ ಇದ್ರೊಳಗೆ ನಾನಿರ್ಬೇಕಲ್ಲ?"

ಆಕೆ ಮನೆಯನ್ನು ಸಿಂಗರಿಸುತ್ತಿದ್ದ ರೀತಿಯೇ ಬೇರೆ. ತಂದ ವಸ್ತುವನ್ನು ತಂದ ದಿನ ಎಲ್ಲೂ ಇಡುತ್ತಿರಲಿಲ್ಲ. ಹಾಲಿನ ನಡುವೆ ನೆಲದ ಮೇಲೆ ಬಿಟ್ಟುಬಿಡುತ್ತಿದ್ದರು, ಸಂತೆಯಿಂದ ತಂದ ಕರುವನ್ನು ಬಿಟ್ಟ ಹಾಗೆ. "ಮನೆಗೆ ರೂಢಿ ಆಗ್ಲಿ ತಡೀರಿ, ಅದೇ ಹೇಳ್ತದೆ ಎಲ್ಲಿಗೋಗ್ಬೇಕು ಅಂತ." ವಾರಗಟ್ಟಲೆ ಮನೆಮಂದಿ ಅದನ್ನು ಎಡವುತ್ತಿದ್ದರು. ಎಡವಿ ಎಡವಿ ಬೈಗುಳ ತಿಂದು ಆ ವಸ್ತು ತಾನಾಗಿಯೇ ಒಂದು ಮೂಲೆ ಸೇರುತ್ತಿತ್ತು. ಅಕ್ಕನ ಪ್ರಕಾರ ಅದು ಹೇಳಿದ್ದು. ಯಜಮಾನರ ಪ್ರಕಾರ ಅವರು ಒದ್ದದ್ದು.

ನಮ್ಮೂರು ಬೊಂಬೆಗಳ ಊರಲ್ಲವೆ. ಮರ ಕಡೆಯುವವರ ಶೆಡ್ಡುಗಳಲ್ಲಿ ತೂತು ನಡುವೆ ಬೀಳದೆ ಪಕ್ಕಕ್ಕೆ ಸರಿದ ಮಣಿಗಳು, ಅರಗು ಒಂದು ಕಡೆ ಹೆಚ್ಚಾಗಿ ಮೆತ್ತಿದ ಮಣಿಗಳು ಮೂಟೆಗಟ್ಟಲೆ ಬಿದ್ದಿರುತ್ತವೆ. ಅವನ್ನು ತಂದು ಪೋಣಿಸಿ ಅಡುಗೆಮನೆಯ ಬಾಗಿಲಿಗೆ ತೂಗುಪರದೆ ಮಾಡಿದರು. ಒಂದು ಸಾಲೂ ನೇರವಾಗಿ ನಿಲ್ಲದು. ಎಲ್ಲವೂ ಒಂದೊಂದು ಕಡೆಗೆ ಸೊಂಟ ತಿರುಗಿಸಿಕೊಂಡು ನಿಂತ ಹೆಂಗಸರ ಹಾಗೆ ಕಾಣುತ್ತಿತ್ತು. ನನಗೋ ಕೈ ನವೆ. ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ಒಂದು ಎಳೆ ಸೊಟ್ಟಗಾದರೂ ಇಡೀ ಸಾಲು ಬಿಚ್ಚಿಸುತ್ತಿದ್ದರು. "ಇದನ್ನು ಬಿಚ್ಚಿ ಮತ್ತೆ ಪೋಣಿಸೋಣವಾ ಅಕ್ಕ?" ಎಂದು ಕೇಳಿಯೇಬಿಟ್ಟೆ.

"ಬುಡಿ ಕಾನ್ವೆಂಟಮ್ಮಾ, ಒಂದೊಂದೂ ಒಂದೊಂದ್ ಥರ ಸೊಟ್ಟಗವೆ. ನಾನೇನ್ ಡ್ರಿಲ್ ಮಾಡ್ಸಕ್ಕೆ ತಂದಿದ್ದೀನಾ?"

ಕಂಪನಿಗೆ ಹೊರದೇಶದಿಂದ ಮೆಷಿನು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಗುಜರಿ ಲೆಕ್ಕದಲ್ಲಿ ಕೆಲಸಗಾರರಿಗೆ ಕೊಡುತ್ತಿದ್ದರಂತೆ. ಆ ಹಲಗೆಯಲ್ಲೇ ಒಂದು ಬೀರು ಮಾಡಿಸಿದರು. ಹಲಗೆಯ ಮೇಲಿದ್ದ ಗುರುತುಗಳು ಹಾಗೇ ಉಳಿದವು: ಒಡೆಯುವ ಸಾಮಾನು ಎನ್ನಲು ಒಂದು ಗಾಜಿನ ಲೋಟ, ನೆನೆಸಬೇಡಿ ಎನ್ನಲು ಒಂದು ಕೊಡೆ, ಈ ಕಡೆ ಮೇಲಿರಲಿ ಎನ್ನಲು ಎರಡು ಬಾಣ. ಬಡಗಿ ಒಂದು ಬಾಗಿಲನ್ನು ತಲೆಕೆಳಗಾಗಿ ಕೂರಿಸಿದ್ದ. ಒಂದರ ಬಾಣ ಆಕಾಶ ನೋಡುತ್ತಿತ್ತು, ಇನ್ನೊಂದರದ್ದು ಪಾತಾಳ. ಅಕ್ಕ ಅದನ್ನೂ ಉಪಯೋಗಕ್ಕೆ ಹಚ್ಚಿಕೊಂಡರು. ಮೇಲು ಬಾಣದ ಕಡೆ ಹಬ್ಬದ ಸೀರೆ, ಕೆಳಬಾಣದ ಕಡೆ ದಿನದ್ದು.

ಗೋಡೆಯ ಬಣ್ಣದ ಕತೆ ಇನ್ನೂ ಸ್ವಾರಸ್ಯ. ಬಣ್ಣ ಬೆರೆಸುವ ಮೆಷಿನು ಅಂಗಡಿಗಳಿಗೆ ಬಂದ ಹೊಸತು. ಯಾರೋ ಆರಿಸಿ, ಬೆರೆಸಿದ ಮೇಲೆ ಇದಲ್ಲ ಎಂದು ಬಿಟ್ಟುಹೋದ ಡಬ್ಬಿಗಳು ಅಂಗಡಿಯ ಮೂಲೆಯಲ್ಲಿ ಕೂತಿರುತ್ತಿದ್ದವು. ಅಕ್ಕ ವರ್ಷಕ್ಕೊಂದು ಡಬ್ಬಿ ತರುತ್ತಿದ್ದರು. ಹಾಗಾಗಿ ಹಾಲಿನ ನಾಲ್ಕು ಗೋಡೆಗೆ ನಾಲ್ಕು ಬಣ್ಣ. ಅದರಲ್ಲೂ ಪೂರ್ವದ ಗೋಡೆಯ ಹಸಿರನ್ನು ಏನೆಂದು ವರ್ಣಿಸಲಿ? ಕೊಳೆತ ಸೀಬೆಕಾಯಿ ಎಂದರೆ ಸೀಬೆಕಾಯಿಗೆ ಬೇಸರವಾದೀತು. "ಊರವರೆಲ್ಲ ಬ್ಯಾಡ ಅಂದ ಬಣ್ಣ ನಮ್ಮನೇಲಿ ಅವೆ. ಅನಾಥಾಶ್ರಮ ಅಂತ ಬೋರ್ಡ್ ಒಂದು ಹಾಕ್ಸುದ್ರೆ ಸರಿ" ಎಂದು ಯಜಮಾನರು ಗೊಣಗುತ್ತಿದ್ದರು.

ನೆಲಕ್ಕೆ ಕನಕಪುರದ ಕಡೆಯ ಕಲ್ಲು ಕುಯ್ಯುವ ಶೆಡ್ಡುಗಳಿಂದ ಗ್ರಾನೈಟಿನ ಚೂರುಗಳು ಬಂದವು. ಕಪ್ಪು, ಬೂದು, ಗುಲಾಬಿ, ಸಿಕ್ಕ ಆಕಾರ. ಅವನ್ನು ಒಂದಕ್ಕೊಂದು ಕೂಡಿಸಲು ಅಕ್ಕ ಗಾರೆಯವನ ಜೊತೆ ತಾವೂ ಮಂಡಿಯೂರಿ ಕುಳಿತಿದ್ದರು. ಹಾಲಿನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಗುಲಾಬಿ ಕಲ್ಲೊಂದು ಉಳಿದವಕ್ಕಿಂತ ದಪ್ಪ. ಹೆಬ್ಬೆರಳಷ್ಟು ಮೇಲೆದ್ದು ನಿಂತಿತು. ಕಿತ್ತು ಬೇರೆ ಹಾಕು ಅನ್ನಲಿಲ್ಲ. "ಇರ್ಲಿ, ಕಾಲು ಕಲ್ತ್ಕೊತದೆ" ಅಂದರು. ನಿಜ, ನಮ್ಮೆಲ್ಲರ ಕಾಲೂ ಕಲಿತುಕೊಂಡಿತು. ಆ ಕಲ್ಲು ಬಂದಾಗ ಕಾಲು ತಾನೇ ಮೇಲೇಳುತ್ತಿತ್ತು. ಎಡವಿದವರು ಹೊಸಬರು ಎಂದು ಗೊತ್ತಾಗಿಬಿಡುತ್ತಿತ್ತು. ನಮ್ಮವರು ಅದನ್ನು ಅಕ್ಕನ ಕಾಲಿಂಗ್ ಬೆಲ್ ಎನ್ನುತ್ತಿದ್ದರು.

ಎಲ್ಲವೂ ಚೆನ್ನಾಗಿಯೇ ಆಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಸಲ ರಾಮನಗರದ ಮಾರ್ಕೆಟ್ಟಿನಿಂದ ಯಾರಿಗೂ ಬೇಡವಾದ ರೇಷ್ಮೆಗೂಡು ತಂದು, ಸೂಜಿಯಲ್ಲಿ ಪೋಣಿಸಿ, ಬಣ್ಣ ಹಚ್ಚಿ ಬಾಗಿಲಿಗೆ ತೋರಣ ಮಾಡಿದರು. ನೋಡಲು ಮಲ್ಲಿಗೆ ಮೊಗ್ಗಿನ ಹಾಗೆ ಇತ್ತು, ನಾನೂ ಮೆಚ್ಚಿದೆ. ಒಳಗಿನ ಹುಳು ತೆಗೆಯುವುದನ್ನು ಮಾತ್ರ ಮರೆತಿದ್ದರು. ಎರಡು ದಿನ ಮೋಡ ಮುಚ್ಚಿಕೊಂಡಿತ್ತು ನೋಡಿ, ಬೀದಿಯ ನಾಯಿಗಳೆಲ್ಲ ಅವರ ಗೇಟಿನ ಮುಂದೆ ಸಭೆ ಸೇರಿದವು. ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿ ಹೀಗೆ ಮಾಡಿದಿರಲ್ಲ ಎಂದರೆ, "ನಮ್ಮನೇಲಿ ಗೂಡು ಮಾರ್ತಿದ್ರು, ತೂಗಾಕ್ತಿರ್ಲಿಲ್ಲ" ಎಂದು ಮೂಗಿಗೆ ಸೆರಗು ಹಿಡಿದುಕೊಂಡೇ ವಾದ ಮಾಡಿದರು.

ಈ ನಡುವೆ ಸಾತನೂರಿನ ಬಸ್ಸು ಬರುತ್ತಲೇ ಇತ್ತು. ಬರುವುದಿಲ್ಲ ಎಂದ ಅಜ್ಜಿ ಕಳಿಸುವುದನ್ನೇನೂ ನಿಲ್ಲಿಸಲಿಲ್ಲ. ರಾಗಿ, ಹುಚ್ಚೆಳ್ಳು, ಕಾಯಿ, ಹಸುವಿನ ತುಪ್ಪ, ಎಲ್ಲ ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಸಿಕೊಂಡು ಕಂಡಕ್ಟರ ಕೈಯಲ್ಲಿ ಬರುತ್ತಿತ್ತು. ಅದರ ಜೊತೆಗೆ ಒಂದು ಪ್ರಶ್ನೆ ಕೂಡ. ನಾನೂ ಒಂದೆರಡು ಸಲ ಅಕ್ಕನ ಜೊತೆ ಸರ್ಕಲ್ಲಿಗೆ ಹೋಗಿ ನಿಂತಿದ್ದೇನೆ.

"ಅಮ್ಮೋ, ನಿಮ್ಮವ್ವ ಕೇಳವ್ರೆ, ಮನೆ ಪೂರ್ತಿ ಆಯ್ತಾ ಅಂತ" ಎಂದು ಕಂಡಕ್ಟರು ಫುಟ್‌ಬೋರ್ಡಿನಿಂದಲೇ ಕೂಗುತ್ತಿದ್ದರು.

"ಇನ್ನೂ ಒಸಿ ಐತೆ ಅನ್ನಣ್ಣ."

"ನಾನ್ ರಿಟೇರ್ ಆಗೋ ಹೊತ್ಗಾದ್ರೂ ಆಯ್ತದಾ? ಪ್ರತೀ ಟ್ರಿಪ್ಪೂ ಇದೇ ಹೇಳಿ ಹೇಳಿ ನನ್ನ ನಾಲ್ಗೆ ಸವ್ದೋಯ್ತು!"

ಇಡೀ ಬಸ್ಸು ನಗುತ್ತಿತ್ತು. ಆ ಅಡ್ಡಹೆಸರು ನಮ್ಮ ಬೀದಿಗೆ ಹೊಳೆದದ್ದೇ ಆ ಸರ್ಕಲ್ಲಿನಿಂದ. ಅಕ್ಕನೂ ನಗುತ್ತಿದ್ದರು. ಬಸ್ಸು ಹೊರಟ ಮೇಲೆ ಗಂಟನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹೋದ ದಿಕ್ಕಿಗೆ ಒಂದು ಗಳಿಗೆ ಹೆಚ್ಚಾಗಿಯೇ ನೋಡುತ್ತಿದ್ದರು.

ಗಂಟು ಕಟ್ಟಿ ಬಂದ ಸೀರೆಗಳನ್ನು ಅಕ್ಕ ವಾಪಸು ಕಳಿಸುತ್ತಿರಲಿಲ್ಲ. ನಾನು ನಮ್ಮ ಪರದೆಯಲ್ಲಿ ಉಳಿದ ಬಟ್ಟೆ ಕೊಟ್ಟಿದ್ದೆ. ಅದು ಅವರ ಕಿಟಕಿಯ ಅರ್ಧಕ್ಕೆ ಬಂತು. ಉಳಿದರ್ಧಕ್ಕೆ ಅಜ್ಜಿಯ ಸೀರೆ ಸೇರಿಸಿ ಹೊಲಿದರು. "ಮ್ಯಾಲ್ಗಡೆ ನಿಮ್ಮದು, ಕೆಳ್ಗಡೆ ನಮ್ಮವ್ವಂದು. ಗಾಳಿ ಬಂದ್ರೆ ನೀವಿಬ್ರೂ ಕುಣೀತೀರ." ಒಂದು ಸಲ ಬಸ್ಸಿನ ಟಾಪಿನ ಮೇಲೆ ಒಂದು ಹಳೆಯ ಚಂದ್ರಂಕಿ ಬಂತು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುತ್ತಾರಲ್ಲ, ಬಿದಿರಿನ ಪಟ್ಟಿಯನ್ನು ಸುತ್ತುಸುತ್ತಾಗಿ ಹೆಣೆದ ಆಳೆತ್ತರದ ತಟ್ಟಿ, ಅದು. ಊರಲ್ಲಿ ಪ್ಲಾಸ್ಟಿಕ್ಕಿನದು ಬಂದಿತ್ತಂತೆ, ಇದನ್ನು ಸೌದೆಗೆಂದು ಕಳಿಸಿದ್ದರು. ಅಕ್ಕ ಅದನ್ನು ತೊಳೆದು ಒಣಗಿಸಿ ಸೀಬೆಕಾಯಿ ಗೋಡೆಯ ಮೇಲೆ ತೂಗುಹಾಕಿದರು. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಾಗ ಆ ಹಸಿರನ್ನೂ ಸಹಿಸಬಹುದು ಅನ್ನಿಸುತ್ತಿತ್ತು. ಬರೆದೆನಲ್ಲ, ಅಜ್ಜಿ ಬರುತ್ತಿರಲಿಲ್ಲ ಎಂದು. ನನಗೇನೋ ಆಕೆ ಚೂರು ಚೂರಾಗಿ ಬರುತ್ತಲೇ ಇದ್ದಾರೆ ಅನ್ನಿಸುತ್ತಿತ್ತು.

ಹೀಗೆ ಮನೆ ಒಂದು ಹದಕ್ಕೆ ಬಂತು. ಗಾರೆ, ಬಣ್ಣ, ನೆಲ, ಒಳಬಾಗಿಲು ಎಲ್ಲ ಆಗಿ ಅಡುಗೆಮನೆಯಿಂದ ಹಿತ್ತಿಲಿಗೆ ತೆರೆಯುವ ಬಾಗಿಲಿನ ಹೊಸ್ತಿಲೊಂದು ಉಳಿಯಿತು. ಅದನ್ನೂ ಮುಗಿಸಿ ಯುಗಾದಿಗೆ ಅವ್ವನನ್ನು ಕರೆಸುವುದೆಂದು ಬೇವಿನ ತೊಲೆ ತರಿಸಿದರು. ಬಾಣ ತಿರುಗಿಸಿದ ಅದೇ ಬಡಗಿ ಅಳತೆ ತೆಗೆದು ನಾಲ್ಕು ಬೆರಳು ಗಿಡ್ಡ ಕುಯ್ದ. ಯಜಮಾನರು ಕೂಗಾಡಿದರು. ಅಕ್ಕ ಆ ತುಂಡನ್ನು ಎಂದಿನಂತೆ ರೂಢಿಯಾಗಲೆಂದು ಬಿಟ್ಟರು. ಅದು ಹಿತ್ತಿಲ ಗೋಡೆಗೆ ಒರಗಿ, ಕೆಳಗೆ ಎರಡು ಇಟ್ಟಿಗೆ ಪಡೆದು, ಕೂರುವ ಮಣೆಯಾಯಿತು. ಯುಗಾದಿಯೂ ಹೋಯಿತು.

ಆಗಲೇ ಸುದ್ದಿ ಬಂದದ್ದು. ಅಜ್ಜಿಗೆ ಎರಡು ಕಣ್ಣಿನಲ್ಲೂ ಪೊರೆ ಬಲಿತು ಹಸುವಿನ ಬಾಲ ಯಾವುದು ಹಗ್ಗ ಯಾವುದು ತಿಳಿಯದಂತಾಗಿತ್ತು. ನಮ್ಮೂರಿನಲ್ಲೇ ಆಪರೇಷನ್ ಎಂದಾಯಿತು. ಒಂದು ಕಣ್ಣಿಗೆ ಆಯಿತು, ಮಾರನೆಯ ದಿನ ತೋರಿಸಬೇಕು, ಆಮೇಲೂ ಕೆಲವು ದಿನ ಹೊಗೆ ಧೂಳು ಕೂಡದು, ಬಸ್ಸು ಕೂಡದು. ಅಂದರೆ ಮಗಳ ಮನೆಯಲ್ಲಿ ಇರಲೇಬೇಕು. ಅಕ್ಕ ಆಟೋದಲ್ಲಿ ತಾಯಿಯನ್ನು ಕರೆತಂದಾಗ ನಾನು ಫ್ಲಾಸ್ಕಿನಲ್ಲಿ ಹಾಲು ಹಿಡಿದು ಅವರ ಗೇಟಿನಲ್ಲಿ ನಿಂತಿದ್ದೆ. ಅಜ್ಜಿಯ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಪೊರೆಯಿಂದ ಬೆಳ್ಳಗೆ. ಆಟೋ ಇಳಿದವರು ಮುಂಬಾಗಿಲಿನ ಮುಂದೆ ಕಂಬದ ಹಾಗೆ ನಿಂತು ಮಗಳನ್ನು ಕೇಳಿದರು.

"ಅಮ್ಮೀ, ಪೂರ್ತಿ ಆಯ್ತಾ?"

ಯಜಮಾನರು ಅತ್ತೆಯ ಬೆನ್ನ ಹಿಂದಿನಿಂದ ಎರಡೂ ಕೈ ಆಡಿಸಿ, ಆಯ್ತು ಅನ್ನು, ಆಯ್ತು ಅನ್ನು ಎಂದು ಸನ್ನೆ ಮಾಡಿದರು. ನೀತಿಪಾಠದಲ್ಲಿ ಬಹುಮಾನ ತೆಗೆದುಕೊಂಡಿದ್ದ ನಾನೂ ಹೂಂ ಅನ್ನಿ ಎಂದು ತುಟಿ ಆಡಿಸಿದೆ. ಅಕ್ಕ ನಮ್ಮಿಬ್ಬರನ್ನೂ ನೋಡಿದರು. ತಾಯಿಯ ಪಟ್ಟಿ ಕಟ್ಟಿದ ಕಣ್ಣನ್ನು ನೋಡಿದರು.

"ಇಲ್ಲ ಕಣವ್ವ. ಇನ್ನೂ ಒಸಿ ಐತೆ."

"ಏನೈತೆ?"

"ಹಿತ್ಲು ಬಾಗ್ಲಿಗೆ ವಸ್ಲು ಇಕ್ಸಿಲ್ಲ."

ಯಜಮಾನರು ಹಣೆಗೆ ಕೈ ಇಟ್ಟುಕೊಂಡರು. ಈಗ ಅಜ್ಜಿ ವಾಪಸು ಆಟೋ ಹತ್ತುತ್ತಾರೆ, ಆ ಕಣ್ಣಿನಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಫ್ಲಾಸ್ಕು ಹಿಡಿದೇ ಆಟೋಗೆ ಅಡ್ಡ ನಿಂತೆ. ಅಜ್ಜಿ ಕೋಲಿನಿಂದ ನೆಲ ಕುಟ್ಟುತ್ತಾ ಯೋಚಿಸಿದರು.

"ವಸ್ಲೇ ಇಲ್ವಾ?"

"ಇಲ್ಲ."

"ಬರೀ ನೆಲನಾ?"

"ಬರೀ ನೆಲ ಕಣವ್ವ."

"ಹಂಗಾರೆ ನಡಿ ಆ ಕಡೀಕೆ. ವಸ್ಲು ತುಳಿಯಾಕಿಲ್ಲ ಅಂತ ತಾನೆ ನಾನ್ ಅಂದಿದ್ದು? ಇಲ್ದಿರೋ ವಸ್ಲ ಯಾವಳು ತುಳ್ದಾಳು?"

ಮನೆಯ ಪಕ್ಕದ ಸಂದಿಯಲ್ಲಿ ಗೋಡೆ ಸವರಿಕೊಂಡು ಹಿತ್ತಿಲಿಗೆ ಬಂದು, ಆ ಬಾಗಿಲಿನಲ್ಲಿ ಕಾಲೆತ್ತದೆ ಜಾರಿಸಿಕೊಂಡೇ ಒಳಗೆ ಹೋದರು. ಹೋಗಿ, ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಆಪರೇಷನ್ ಆದ ಕಣ್ಣು ಇಲ್ಲಿರ್ತದೆ. ನಾನ್ ಬಂದಿಲ್ಲ. ತಿಳೀತಾ?"

ತಿಳಿಯಿತು. ಅಂದಿನಿಂದ ಅಜ್ಜಿ ಬರದೇ ಇದ್ದರು. ಬರದೇ ಇದ್ದುಕೊಂಡು ಬೆಳಗ್ಗೆ ಕಾಫಿಗೆ ಬೆಲ್ಲ ಕಡಿಮೆಯಾಯಿತು ಎನ್ನುತ್ತಿದ್ದರು. ಮುದ್ದೆ ಬಡಿಸಲು ಹೋದರೆ "ನಾನ್ ಬಂದಿಲ್ವಲ್ಲ, ಯಾರ್ಗಿಕ್ತಿದ್ದೀ?" ಎಂದು ಕೇಳಿ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಮೊದಲ ತುತ್ತು ಅವರ ಬಾಯಿಗೆ ಹೋದಾಗ ಅಕ್ಕ ಏನೋ ತರುವವರಂತೆ ಅಡುಗೆಮನೆಗೆ ಎದ್ದುಹೋದರು. ಮಣಿ ಪರದೆ ಬಹಳ ಹೊತ್ತು ಅಲ್ಲಾಡುತ್ತಿತ್ತು.

ಮಾರನೆಯ ದಿನ ಡಾಕ್ಟರು ಪಟ್ಟಿ ಬಿಚ್ಚಿ, ಕಪ್ಪು 'ಕೂಲಿಂಗ್ ಗ್ಲಾಸು' ಕೊಟ್ಟು, ಕಣ್ಣು ಚೆನ್ನಾಗಿ ಬಂದಿದೆ, ಇನ್ನು ನೋಡಬಹುದು ಅಂದರು. ಅಜ್ಜಿ ಹಿತ್ತಿಲಿನ ಮಣೆಯ ಮೇಲೆ ಕುಳಿತು ತೆಂಗಿನ ಮರ ನೋಡಿದರು, ನಮ್ಮ ಕಾಂಪೌಂಡು ನೋಡಿದರು, ನನ್ನನ್ನು ನೋಡಿ "ಇವ್ಳೇನಾ ಕಾನ್ವೆಂಟಮ್ಮ? ಒಣ್ಕೊಂಡವ್ಳೆ" ಅಂದರು. ಒಳಗೆ ಹೊರಡುವಾಗ ಮಾತ್ರ ಕನ್ನಡಕದ ಹಿಂದೆ ಎರಡೂ ಕಣ್ಣು ಮುಚ್ಚಿಕೊಂಡರು.

"ಯಾಕವ್ವಾ, ಕಣ್ಣು ಬುಡು" ಅಂದರು ಅಕ್ಕ.

"ಪೂರ್ತಿ ಆಗ್ದಿರೋ ಮನೆ ನಾನ್ ನೋಡಾಕಿಲ್ಲ."

ದುಡ್ಡು ಖರ್ಚು ಮಾಡಿ ಬರಿಸಿಕೊಂಡ ಕಣ್ಣು! ಗೋಡೆ ತಡವಿಕೊಂಡೇ ಓಡಾಡಿದರು. ತಡವಿದಲ್ಲೆಲ್ಲ ತಪ್ಪು ಹಿಡಿದರು. "ಇಲ್ಲಿ ನುಣ್ಣಗೈತೆ, ಇಲ್ಲಿ ತರಿತರಿ. ಗಾರೆಯೋನು ಮಧ್ಯದಲ್ಲಿ ಬೀಡಿ ಸೇದಕ್ಕೆ ಎದ್ದೋಗಿದ್ನಾ?" ಚಂದ್ರಂಕಿಯ ಮೇಲೆ ಕೈ ಹೋದಾಗ ಬೆಚ್ಚಿದರು. "ಅಮ್ಮೀ, ಗೋಡೆ ಮ್ಯಾಲೆ ಹುಳ ಸಾಕಿದ್ದೀಯಾ?" ಕಿಟಕಿಯ ಹತ್ತಿರ ಪರದೆಯ ಅಂಚು ಬೆರಳಿಗೆ ಸಿಕ್ಕಿತು. ಅದನ್ನು ಹೆಬ್ಬೆರಳಿನಲ್ಲಿ ಉಜ್ಜಿ ಉಜ್ಜಿ ನೋಡಿದರು. "ಇದ ಉಟ್ಕಂಡೇ ಅಲ್ವಾ ನಾನ್ ನಿನ್ನ ಗಂಡನ ಮನೆಗೆ ಬುಟ್ಟು ಬಂದಿದ್ದು" ಅಂದರು. ಅದಕ್ಕೊಂದು ತಪ್ಪು ಹಿಡಿಯಲಿಲ್ಲ.

ಗುಲಾಬಿ ಕಲ್ಲನ್ನು ಮೊದಲ ದಿನ ಎಡವಿದರು, ಮಾರನೆಯ ದಿನವೂ ಎಡವಿದರು. ಆಮೇಲೊಂದು ಬೆಳಗ್ಗೆ ನಾನು ಮಜ್ಜಿಗೆ ಕೇಳಲು ಹೋದಾಗ ನೋಡುತ್ತೇನೆ, ಕಣ್ಣು ಮುಚ್ಚಿದ ಅಜ್ಜಿ ಆ ಕಲ್ಲು ಬಂದ ತಕ್ಷಣ ಕಾಲನ್ನು ನಾಜೂಕಾಗಿ ಎತ್ತಿ ದಾಟಿದರು. ಅಕ್ಕ ನನ್ನ ತೋಳು ಚಿವುಟಿದರು. ಕಾಲು ಕಲಿತಿತೋ, ಕನ್ನಡಕದ ಸಂದಿಯಲ್ಲಿ ಕಣ್ಣು ಕೆಲಸ ಮಾಡುತ್ತಿತ್ತೋ, ನಮಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಅದೇ ವಾರದ ಕೊನೆಗೆ. ಸಂಜೆ ಎಲ್ಲರೂ ಹಾಲಿನಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದೆವು. ಯಜಮಾನರು ಕಂಪನಿಯ ಯಾವುದೋ ಕತೆ ಹೇಳುತ್ತಿದ್ದರು. ನಡುವೆ ಅಜ್ಜಿ ಬಾಯಿಗೊಂದು ಬೀಜ ಹಾಕಿಕೊಂಡು ಎಂದರು:

"ಎಲ್ಲ ಸರಿ ಅಳೀಮಯ್ಯ, ಆ ಗೋಡೆಗೆ ಅದ್ಯಾಕೆ ಸಗಣಿ ಹಸ್ರು ಬಳ್ಸಿದ್ದೀರಿ?"

ಬಣ್ಣವನ್ನು ಕೈಯಲ್ಲಿ ತಡವಿ ತಿಳಿದುಕೊಳ್ಳುವ ವಿದ್ಯೆ ಸಾತನೂರಿನಲ್ಲೂ ಇಲ್ಲ. ಅಜ್ಜಿಗೆ ಹೊಳೆಯುವುದಕ್ಕೆ ಒಂದು ಬೀಜ ಅಗಿಯುವಷ್ಟು ಹೊತ್ತು ಹಿಡಿಯಿತು. ಅಕ್ಕ ಮೊದಲು ನಕ್ಕರು. ನಕ್ಕೂ ನಕ್ಕೂ ಕಡಲೆಕಾಯಿಯ ಮೊರವೇ ಮಗುಚಿತು. ಅಜ್ಜಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, "ನಗಾಡ್ರಿ ನಗಾಡ್ರಿ" ಎಂದು ಎದ್ದು ಇಡೀ ಮನೆಯನ್ನು ಕಣ್ಣು ಬಿಟ್ಟುಕೊಂಡೇ ಸುತ್ತಿದರು. ಬಾಣಗಳನ್ನು ನೋಡಿ ಇದ್ಯಾವ ಯುದ್ಧ ಎಂದು ಕೇಳಿದರು. ಮಣಿಗಳನ್ನು ಒಂದೊಂದಾಗಿ ಮುಟ್ಟಿದರು. ಕೊನೆಗೆ ಹಿತ್ತಿಲ ಬಾಗಿಲಿಗೆ ಬಂದರು.

"ಇಷ್ಟೆಲ್ಲ ಮಾಡಿದ್ದೀಯ, ಇದೊಂದ್ ವಸ್ಲು ಇಕ್ಸಕ್ಕೆ ಏನಾಗಿತ್ತು?"

"ಬಡಗಿ ಅಳ್ತೆ ತಪ್ಪಿ ಕುಯ್ದುಬುಟ್ಟ ಕಣವ್ವ. ನೀನು ದಿನಾ ಕುಂತ್ಕೊತೀಯಲ್ಲ ಆ ಮಣೆ, ಅದೇ ಅದು."

ಹೊಸ್ತಿಲ ಮೇಲೆ ಕೂರಬಾರದು ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಗದರುತ್ತಾ ಬಂದ ಹೆಂಗಸು. ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯೋ ಸಿವನೆ! ತುಳಿಯಾಕಿಲ್ಲ ಅಂದೋಳ್ನ ಅದ್ರ ಮ್ಯಾಲೆ ಕುಂಡ್ರಿಸ್ಬುಟ್ಯಲ್ಲೇ!"

ಹೊರಡುವ ದಿನ ಹತ್ತಿರ ಬಂದಾಗ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಎತ್ತಿದರು. "ಅತ್ತೆಮ್ಮ, ನಾಳೀಕೆ ಬಡಗಿಗೆ ಹೇಳಿವ್ನಿ. ಹೊಸ ವಸ್ಲು ಇಕ್ಕುಸ್ಬುಡ್ತೀನಿ. ಮನೆ ಪೂರ್ತಿ ಆಯ್ತದೆ. ಮುಂದ್ಗಡೆ ಬಾಗ್ಲಲ್ಲಿ ಆರತಿ ಎತ್ತಿಸ್ಕೊಂಡು ನೀವು ಮರ್ಯಾದೆಯಾಗಿ ಒಳೀಕೆ ಬನ್ನಿ."

ಅಕ್ಕ ತಾಯಿಯ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಬಸ್ಸಿನ ಕಂಡಕ್ಟರ ಬಾಯಲ್ಲಿ ಕೇಳಿಸಿಕೊಂಡ ಪ್ರಶ್ನೆಗೆ ಉತ್ತರ ಅದು. ಅಜ್ಜಿ ಮಣೆಯ ಪಕ್ಕ ನೆಲದಲ್ಲಿ ಕುಳಿತಿದ್ದರು, ಈಗ ಅದರ ಮೇಲೆ ಕೂರುತ್ತಿರಲಿಲ್ಲ. ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು.

"ಬ್ಯಾಡಿ" ಅಂದರು. "ಇಕ್ಸಬ್ಯಾಡಿ. ಕೊಟ್ಟ ಹೆಣ್ಣಿನ ಮನೇಲಿ ಹೆತ್ತೋರು ಹೆಚ್ಗೆ ದಿನ ಇರ್ಬಾರ್ದು. ಪೂರ್ತಿ ಆಯ್ತು ಅಂದ್ರೆ ನಾನ್ ಬಂದಂಗಾಯ್ತದೆ. ಬಂದೋರು ಹೊರಡ್ಬೇಕಾಯ್ತದೆ." ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ಬರ್ದೇ ಇರೋಳು ಎಷ್ಟ್ ದಿನ ಬೇಕಾದ್ರೂ ಇರ್ಬೋದು."

ಆಮೇಲೆ ಅಜ್ಜಿ ಹಲವು ಸಲ ಬರದೇ ಇದ್ದರು. ಇನ್ನೊಂದು ಕಣ್ಣಿನ ನೆವ, ಅಕ್ಕನ ಮಗಳ ಪರೀಕ್ಷೆಯ ನೆವ, ಕೊನೆಕೊನೆಗೆ ಯಾವ ನೆವವೂ ಇಲ್ಲದೆ. ಸರ್ಕಲ್ಲಿನಲ್ಲಿ ಬಸ್ಸು ಇಳಿದು ಬಂದು, ಮುಂಬಾಗಿಲು ತೆರೆದಿದ್ದರೂ ಅತ್ತ ನೋಡದೆ ಸಂದಿಯಲ್ಲಿ ನುಗ್ಗಿ ಹಿತ್ತಿಲಿಗೆ ಹೋಗುತ್ತಿದ್ದರು. ಕಂಡಕ್ಟರು ಕಿಟಕಿಯಿಂದ "ಅಜ್ಜೋ, ಮನೆ ಪೂರ್ತಿ ಆಯ್ತಾ?" ಎಂದು ಕೂಗಿದರೆ, "ಇನ್ನೂ ಒಸಿ ಐತೆ, ನೀನ್ ಓಗ್ಲಾ" ಎಂದು ಗದರುತ್ತಿದ್ದವರು ಈಗ ಅವರೇ.

ಅಜ್ಜಿ ತೀರಿಕೊಂಡ ಮೇಲೆ ಯಜಮಾನರು ಸರಿಯಾದ ಅಳತೆಯಲ್ಲಿ ಹೊಸ ಹೊಸ್ತಿಲು ಮಾಡಿಸಿ ತಂದರು. ಮಳೆ ಬಂದರೆ ಆ ಬಾಗಿಲಿನಿಂದ ನೀರು ಒಳಗೆ ಬರುತ್ತಿತ್ತು, ಇಲಿಗಳಂತೂ ರಾಜಬೀದಿ ಮಾಡಿಕೊಂಡಿದ್ದವು. ಅಕ್ಕ ಆ ಹೊಸ್ತಿಲನ್ನು ರೂಢಿಯಾಗಲೆಂದು ಮಂಚದ ಕೆಳಗೆ ತಳ್ಳಿದರು. ಅದು ಅಲ್ಲೇ ರೂಢಿಯಾಯಿತು. ಒಂದು ಮಳೆಗಾಲ ಅಕ್ಕನೂ ನಾನೂ ಗೋಣಿಚೀಲ ಒತ್ತಿ ನೀರು ತಡೆಯುತ್ತಿದ್ದಾಗ ನಾನು ತಡೆಯಲಾರದೆ ಕೇಳಿದೆ: "ಇನ್ನು ಯಾರು ಬರಬೇಕು ಅಂತ ಅಕ್ಕ ಇದು?"

ಗೋಣಿಚೀಲ ಹಿಂಡುತ್ತಾ ಅವರು ನನ್ನ ಕಡೆ ನೋಡದೆ ಹೇಳಿದರು: "ಬರೋರ್ಗೆ ಮುಂದ್ಗಡೆ ಬಾಗ್ಲು ಐತಲ್ಲ. ಬರ್ದಿರೋರ್ಗೂ ಒಂದ್ ದಾರಿ ಬ್ಯಾಡ್ವಾ?"

ಮೊನ್ನೆ ಅಕ್ಕನ ಮಗಳು ಮನೆ ಗುಡಿಸುವಾಗ ಮಂಚದ ಕೆಳಗೆ ಆ ಹೊಸ್ತಿಲು ಸಿಕ್ಕಿತಂತೆ. ಕಾಂಪೌಂಡಿನ ಆಚೆಯಿಂದ ಕೂಗಿ ಕೇಳಿದಳು, "ಆಂಟೀ, ಮಳೆಗಾಲ ಬಂತು, ಬಡಗಿಗೆ ಬರಕ್ಕೆ ಹೇಳಿದ್ದೀನಿ. ಹಾಕಿಸ್ಬಿಡ್ಲಾ?" ಕೈಯಲ್ಲಿ ಸಾರಿನ ಪಾತ್ರೆಯಿತ್ತು, ಅಲ್ಲಿಂದಲೇ ಏನು ಹೇಳುವುದೆಂದು ಅವಳ ಮನೆಗೇ ಹೊರಟೆ. ಅವಳು ನನಗಾಗಿ ಮುಂಬಾಗಿಲು ತೆರೆದು ನಿಂತಿದ್ದಳು. ನಾನು ಸಂದಿಯಲ್ಲಿ ಹಾದು ಹಿತ್ತಿಲಿನಿಂದ ಒಳಗೆ ಬಂದಿದ್ದೆ. ಮಣಿಗಳನ್ನು ಸರಿಸಿ ಹಾಲಿಗೆ ಕಾಲಿಟ್ಟಾಗ, ನೋಡದೆಯೇ, ಗುಲಾಬಿ ಕಲ್ಲಿಗೆ ಕಾಲು ಎದ್ದಿತು. ಅವಳು ನನ್ನ ಕಾಲನ್ನೇ ನೋಡಿದಳು. ಸಾರಿನ ಪಾತ್ರೆ ಇಸಿದುಕೊಂಡು ಕೆಳಗಿಟ್ಟು, ಬಡಗಿಗೆ ಫೋನು ಹಚ್ಚಿದಳು.

"ಅಣ್ಣಾ, ನಾಳೆ ಬರ್ಬೇಡಿ" ಅಂದಳು. "ಇನ್ನೂ ಒಸಿ ದಿನ ಹೋಗ್ಲಿ."